ಬ್ರೇಕಿಗೆ ಬಿದ್ದ ಕೀಲೆಣ್ಣೆ

ನಮ್ಮ ಮನೆಯಲ್ಲಿ ಲಾರಿಯ ಕಾಗದಪತ್ರಗಳೆಲ್ಲ ನನ್ನ ಸುಪರ್ದಿನಲ್ಲಿದ್ದವು. ಹೆಣ್ಣುಮಗಳಿಗೆ ಯಾಕೆ ಈ ಉಸಾಬರಿ ಎಂದು ಓಣಿಯವರು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ ಬಿಡಿ. ಆ ಮನೆಯಲ್ಲಿ ಲೋವರ್ ಸೆಕೆಂಡರಿ ಮುಗಿಸಿ, ನಾಲ್ಕಕ್ಷರ ಇಂಗ್ಲಿಷನ್ನು ಕೂಡಿಸಿ ಓದಬಲ್ಲವಳು ನಾನೊಬ್ಬಳೇ. ತವರಿನವರು ಕೊಟ್ಟ ತಗಡಿನ ಟ್ರಂಕಿನಲ್ಲಿ, ಮದುವೆ ಸೀರೆಯ ಕೆಳಗೆ, ಆರ್.ಸಿ. ಪುಸ್ತಕ, ಇನ್ಶೂರೆನ್ಸ್ ಕಾಗದ, ನಮ್ಮ ಮನೆಯವರ ಡ್ರೈವಿಂಗ್ ಲೈಸೆನ್ಸ್ ಎಲ್ಲ ಮಡಿಕೆ ಕೆಡದಂತೆ ಇರುತ್ತಿದ್ದವು. ಯಾವುದರ ಅವಧಿ ಯಾವತ್ತು ಮುಗಿಯುತ್ತದೆ ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಕುಂಕುಮದ ಬೊಟ್ಟಿಟ್ಟು ಗುರುತು ಮಾಡುತ್ತಿದ್ದೆ. ಹಬ್ಬದ ದಿನ ಮರೆತರೂ ಬೊಟ್ಟಿನ ದಿನ ಮರೆಯುತ್ತಿರಲಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳ ಮಾತು ಇದು. ನಮ್ಮದು ದಾವಣಗೆರೆಯಲ್ಲಿ ಬಾಡಿಗೆ ಮನೆ. ಮನೆಯಲ್ಲಿ ನಾನು, ನಮ್ಮ ಮನೆಯವರು, ಮಾವ. ಅತ್ತೆ ನನ್ನ ಮದುವೆಗೆ ಮೊದಲೇ ತೀರಿಕೊಂಡಿದ್ದರು. ಇವರ ಮೂಲ ಲೋಕಿಕೆರೆ. ಮಾವ ಅಲ್ಲಿಂದ ಎರಡು ಚಕ್ಕಡಿ ಕಟ್ಟಿಕೊಂಡು ದಾವಣಗೆರೆಯ ಗಿರಣಿಗಳಿಗೆ ಹತ್ತಿ ಹೊಡೆಯುತ್ತಿದ್ದವರು. ಹತ್ತಿ ಲಾರಿ ಹತ್ತತೊಡಗಿದ ಮೇಲೆ ಚಕ್ಕಡಿಗೆ ಕೆಲಸ ಕಡಿಮೆಯಾಯಿತು. ನಮ್ಮ ಮನೆಯವರು ಡ್ರೈವಿಂಗ್ ಕಲಿತು, ಅವರಿವರ ಗಾಡಿ ಓಡಿಸಿ, ಕೊನೆಗೆ ಮಿಲಿಟರಿಯವರು ಹರಾಜಿಗೆ ಬಿಟ್ಟಿದ್ದ ಹಳೇ ಲಾರಿಯೊಂದನ್ನು ಕೊಂಡರು. ಅದಕ್ಕಾಗಿ ಮಾವ ಎತ್ತು, ಚಕ್ಕಡಿ ಎಲ್ಲ ಮಾರಿದರು. ಮಾರದೆ ಉಳಿಸಿಕೊಂಡದ್ದು ಒಂದೇ ವಸ್ತು, ಚಕ್ಕಡಿಗೆ ನೇತುಹಾಕುತ್ತಿದ್ದ ಕೀಲೆಣ್ಣೆಯ ಬಿದಿರಿನ ಗೊಟ್ಟ. ಹರಳೆಣ್ಣೆಗೆ ಹುಲ್ಲು ಸುಟ್ಟ ಕರಿ ಕಲೆಸಿ ಆ ಗೊಟ್ಟದಲ್ಲಿ ತುಂಬಿಟ್ಟು, ಗಾಡಿ ಹೂಡುವ ಮುಂಚೆ ಅಚ್ಚಿಗೆ ಬಿಡುವುದು ಅವರ ನಲವತ್ತು ವರ್ಷದ ರೂಢಿ.

ಮಾವನ ಕಿವಿ ಎಂದರೆ ಕಿವಿ. ಕಟ್ಟೆಯ ಮೇಲೆ ಕಣ್ಣು ಮುಚ್ಚಿಕೊಂಡು ಕೂತವರು, ದೂರದಲ್ಲಿ ಬರುವ ಚಕ್ಕಡಿಯ ಸದ್ದು ಕೇಳಿಯೇ ಅದು ಯಾವ ಊರಿನದು, ಹೇರು ಇದೆಯೋ ಇಲ್ಲವೋ, ಯಾವ ಕಡೆಯ ಗಾಲಿ ಸವೆದಿದೆ ಎಂದು ಹೇಳಿಬಿಡುತ್ತಿದ್ದರು. ಗಾಲಿ ಕಿರುಗುಟ್ಟಿದರಂತೂ ಅವರಿಗೆ ತಡೆಯಲು ಆಗುತ್ತಲೇ ಇರಲಿಲ್ಲ. ದಾರಿಯಲ್ಲಿ ಹೋಗುವ ಗಾಡಿಯವನನ್ನು ನಿಲ್ಲಿಸಿ ಬೈದು, ಗೊಟ್ಟ ತಂದು ತಾವೇ ಎಣ್ಣೆ ಬಿಟ್ಟು ಕಳಿಸುತ್ತಿದ್ದರು. "ಗಾಲಿ ಕೂಗ್ತೈತೆ ಅಂದ್ರೆ ಎತ್ತಿಗೆ ಭಾರ ಆಗ್ತೈತೆ ಅಂತ. ಕೇಳಿನೂ ಹಂಗೇ ಹೊಡ್ಕೊಂಡು ಹೋಗೋನು ಮನುಷ್ಯನೇನೋ?" ಎನ್ನುತ್ತಿದ್ದರು. ಯಾರದೋ ಎತ್ತಿಗೆ ಇಷ್ಟು ಮರುಗುವ ಗಂಡಸನ್ನು ನಾನು ಅವರೊಬ್ಬರನ್ನೇ ಕಂಡಿದ್ದು.

ಲಾರಿಗೆ ವರ್ಷಕ್ಕೊಮ್ಮೆ ಎಫ್.ಸಿ. ಆಗಬೇಕಿತ್ತು. ಓಡಾಡಲು ಈ ಗಾಡಿ ಯೋಗ್ಯವಾಗಿದೆ ಎಂದು ಬ್ರೇಕ್ ಇನ್‌ಸ್ಪೆಕ್ಟರು ಬರೆದುಕೊಡುವ ಕಾಗದ ಅದು. ಡ್ರೈವರನ ಲೈಸೆನ್ಸ್ ಅವಧಿ ಮುಗಿದಾಗ ಅದನ್ನೂ ರಿನೂವಲ್ ಮಾಡಿಸಬೇಕು. ಆ ವರ್ಷ ಕ್ಯಾಲೆಂಡರಿನಲ್ಲಿ ಎರಡೂ ಬೊಟ್ಟು ಒಂದೇ ವಾರದಲ್ಲಿ ಬಿದ್ದವು. ಇನ್‌ಸ್ಪೆಕ್ಟರು ಚಿತ್ರದುರ್ಗದಿಂದ ಬರುತ್ತಿದ್ದರು. ಒಂದು ಸಲ ದಾವಣಗೆರೆಯಲ್ಲಿ ಕ್ಯಾಂಪ್ ಮಾಡಿದರೆ ಇನ್ನೊಂದು ಸಲ ಹರಿಹರದಲ್ಲಿ. ನಮ್ಮ ಪಾಲಿಗೆ ಹರಿಹರ ಬಂತು.

ಆ ಇನ್‌ಸ್ಪೆಕ್ಟರ ಹೆಸರು ಕೇಳಿದರೆ ಡ್ರೈವರುಗಳ ಬಾಯಿ ಒಣಗುತ್ತಿತ್ತು. ಮನುಷ್ಯ ಲಂಚ ಮುಟ್ಟುತ್ತಿರಲಿಲ್ಲ, ಅದೇ ದೊಡ್ಡ ತೊಂದರೆ. ಬ್ರೇಕ್ ಪರೀಕ್ಷೆ ಮಾಡುವುದಕ್ಕೆ ಅವರದೇ ಒಂದು ರೀತಿ ಇತ್ತು. ನೆಲದ ಮೇಲೆ ಅಡ್ಡಡ್ಡ ಸುಣ್ಣದ ಗೆರೆ ಎಳೆಸುವುದು. ಗಾಡಿಯನ್ನು ದೂರದಿಂದ ವೇಗವಾಗಿ ತಂದು ಗೆರೆಯೊಳಗೆ ನಿಲ್ಲಿಸಬೇಕು. ಗೆರೆಯಿಂದ ಹತ್ತು ಹೆಜ್ಜೆ ಆಚೆ, ಕೈಕಟ್ಟಿಕೊಂಡು, ಬರುವ ಗಾಡಿಗೆ ಎದುರಾಗಿ ಅವರೇ ನಿಲ್ಲುತ್ತಿದ್ದರು. ತಲೆ ಕೆಟ್ಟವರು ಎಂದು ಕೆಲವರು ಅನ್ನುತ್ತಿದ್ದರು. ಆದರೆ ಅವರು ಬಂದ ಮೇಲೆ ಬ್ರೇಕ್ ಸರಿಯಿಲ್ಲದ ಗಾಡಿಯನ್ನು ಕ್ಯಾಂಪಿಗೆ ತರುವ ಧೈರ್ಯವನ್ನು ಯಾರೂ ಮಾಡುತ್ತಿರಲಿಲ್ಲ.

ನಾವೂ ಮಾಡಲಿಲ್ಲ. ವಾರದ ಮುಂಚೆಯೇ ನಮ್ಮ ಮನೆಯವರು ಕಾಯಂ ಗ್ಯಾರೇಜ್ ಮೇಸ್ತ್ರಿಯ ಹತ್ತಿರ ನಾಲ್ಕೂ ಗಾಲಿಗೆ ಹೊಸ ಬ್ರೇಕ್ ಲೈನಿಂಗ್ ಹಾಕಿಸಿದರು. ಅಂದಿನಿಂದ ಬ್ರೇಕ್ ಒತ್ತಿದರೆ ಸಾಕು, ಲಾರಿ ಓಣಿಗೆಲ್ಲ ಕೇಳುವಂತೆ ಕಿರ್ರ್ ಎಂದು ಕಿರುಚುತ್ತಿತ್ತು. "ಹೊಸ ಲೈನಿಂಗ್ ಐತೆ, ನಾಕ್ ದಿನ ಕೂಗ್ತೈತೆ. ಫಿಕರ್ ಮಾಡಬ್ಯಾಡ್ರಿ," ಎಂದು ಮೇಸ್ತ್ರಿ ನಮ್ಮ ಮನೆಯವರಿಗೆ ಹೇಳಿದ್ದ. ಆ ಮಾತನ್ನು ಮಾವನಿಗೆ ಯಾರೂ ಹೇಳಲಿಲ್ಲ. ಅವರು ಕೇಳಿದ್ದು ಕೂಗು ಮಾತ್ರ. ದಿನಾ ಸಂಜೆ ಲಾರಿ ಮನೆ ಮುಂದೆ ನಿಂತಾಗ ಅವರ ಮುಖ ಹಿಂಡಿಹೋಗುತ್ತಿದ್ದುದನ್ನು ನಾನು ನೋಡಿದ್ದೆ.

ಹೊರಡುವ ದಿನ ಬೆಳಿಗ್ಗೆ ಅಂಗಳಕ್ಕೆ ನೀರು ಹಾಕಲು ಬಂದಾಗ, ಮಾವ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು, ಗೊಟ್ಟ ಹಿಡಿದು ಲಾರಿಯ ಹಿಂದಿನ ಗಾಲಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಗಾಲಿಯೊಳಗಿನ ಬ್ರೇಕ್ ಡ್ರಮ್ಮಿನಲ್ಲಿ ಹೆಬ್ಬೆರಳು ಹಿಡಿಸುವಷ್ಟು ಒಂದು ಕಿಂಡಿ ಇರುತ್ತದೆ, ಲೈನಿಂಗ್ ಎಷ್ಟು ಸವೆದಿದೆ ಎಂದು ಮೇಸ್ತ್ರಿ ನೋಡುವುದಕ್ಕೆ. ಆ ಕಿಂಡಿ ಎಣ್ಣೆ ಬಿಡುವುದಕ್ಕೇ ಇಟ್ಟದ್ದೆಂದು ಅವರು ತಿಳಿದರು. ಚಕ್ಕಡಿ ಕಂಡ ಯಾರೇ ಆದರೂ ಹಾಗೇ ತಿಳಿಯುತ್ತಿದ್ದರು. ನಾನು ನೋಡಿದೆ. ಪೂಜೆಯೋ ಏನೋ ಮಾಡುತ್ತಿದ್ದಾರೆ ಎಂದುಕೊಂಡು ಒಳಗೆ ಹೋದೆ. ರೊಟ್ಟಿ ಹೆಂಚಿನ ಮೇಲಿತ್ತು.

ಕಾಗದಪತ್ರ ನಾನೇ ತೋರಿಸಬೇಕೆಂದು ನಮ್ಮ ಮನೆಯವರು ನನ್ನನ್ನೂ ಹೊರಡಿಸಿದರು. ಓಣಿಯವರಿಗೆ ಹರಿಹರೇಶ್ವರನ ದರ್ಶನಕ್ಕೆ ಎಂದು ಹೇಳಿದ್ದಾಯಿತು. ಮುಂದಿನ ಸೀಟಿನಲ್ಲಿ ಸ್ಟಿಯರಿಂಗ್ ಹಿಡಿದು ನಮ್ಮ ಮನೆಯವರು, ನಡುವೆ ಮಾವ, ಬಾಗಿಲ ಪಕ್ಕ ನಾನು, ತೊಡೆಯ ಮೇಲೆ ಕಾಗದದ ಗಂಟು. ಊರ ಹೊರಗೆ ಒಂದು ಎಮ್ಮೆ ಅಡ್ಡ ಬಂತು. ನಮ್ಮ ಮನೆಯವರು ಬ್ರೇಕ್ ಒತ್ತಿದರು. ಸದ್ದೇ ಇಲ್ಲ. ಲಾರಿಯೂ ನಿಲ್ಲಲಿಲ್ಲ. ಹ್ಯಾಂಡ್ ಬ್ರೇಕ್ ಜಗ್ಗಿ, ಗೇರು ಇಳಿಸಿ, ಎಮ್ಮೆಯ ಬಾಲದ ಪಕ್ಕದಲ್ಲೇ ಲಾರಿಯನ್ನು ತೂರಿಸಿಕೊಂಡು ಹೋದರು.

ಮಾವ ಖುಷಿಯಿಂದ ತೊಡೆ ತಟ್ಟಿಕೊಂಡರು. "ನೋಡಿದ್ಯೇನೋ, ಇವತ್ತು ಗಾಡಿ ಹೆಂಗೆ ಸದ್ದಿಲ್ದಂಗೆ ಹೊಂಟೈತೆ!"

ಆಗ ಬಂತು ವಾಸನೆ. ಹರಳೆಣ್ಣೆ ಸುಟ್ಟ ವಾಸನೆ. ನನಗೆ ಬೆಳಿಗ್ಗೆ ಕಂಡದ್ದು ನೆನಪಾಯಿತು. ನಮ್ಮ ಮನೆಯವರ ಮುಖ ನೋಡಿದೆ. ಅವರಿಗೂ ತಿಳಿದಿತ್ತು. ನಾನು ಬಾಯಿ ತೆರೆಯಬೇಕು ಅನ್ನುವಷ್ಟರಲ್ಲಿ ಕಣ್ಣಲ್ಲೇ ಬೇಡವೆಂದರು. ಅಲ್ಲಿಂದ ದೊಡ್ಡಬಾತಿ ದಾಟಿ ಹರಿಹರದವರೆಗೂ ಎರಡನೇ ಗೇರಿನಲ್ಲಿ, ಒಂದು ಕೈ ಹ್ಯಾಂಡ್ ಬ್ರೇಕಿನ ಮೇಲಿಟ್ಟುಕೊಂಡು ಬಂದರು. ಕೆರೆಯ ಪಕ್ಕದ ಇಳಿಜಾರಿನಲ್ಲಿ ಅವರ ಕತ್ತಿನ ಮೇಲೆ ಬೆವರು ಇಳಿಯುತ್ತಿತ್ತು. ಎಂಥ ಡ್ರೈವರ್ ಅವರು ಎಂಬುದನ್ನು ನಾನು ಆವತ್ತೇ ಸರಿಯಾಗಿ ಕಂಡದ್ದು. ಸೈಕಲ್ಲು, ಚಕ್ಕಡಿ, ಶಾಲೆಗೆ ಹೊರಟ ಮಕ್ಕಳು, ಎಲ್ಲವನ್ನೂ ಒಂದು ಫರ್ಲಾಂಗು ಮುಂಚೆಯೇ ಲೆಕ್ಕ ಹಾಕಿ ಲಾರಿಯನ್ನು ಸಂಭಾಳಿಸಿಕೊಂಡು ಬಂದರು. ಮೆಚ್ಚುಗೆಯೂ ಸಿಟ್ಟೂ ನನಗೆ ಒಟ್ಟಿಗೇ ಬಂದವು. ಅಪ್ಪನಿಗೆ ಒಂದು ಮಾತು ಹೇಳಿ ಲಾರಿ ನಿಲ್ಲಿಸಿದ್ದರೆ ಆಗುತ್ತಿತ್ತಲ್ಲ? ನಿಲ್ಲಿಸಿದರೆ ಕ್ಯಾಂಪ್ ತಪ್ಪುತ್ತದೆ, ಹೇಳಿದರೆ ಅಪ್ಪನ ಮುಖ ಸಣ್ಣದಾಗುತ್ತದೆ. ಆ ಎರಡೂ ಅವರಿಗೆ ಬೇಕಿರಲಿಲ್ಲ.

ಹರಿಹರದಲ್ಲಿ ಹೊಳೆಗೆ ಹತ್ತಿರದ ಬಯಲಿನಲ್ಲಿ ಏಳೆಂಟು ಲಾರಿಗಳು, ಎರಡು ಬಸ್ಸು ಸಾಲಾಗಿ ನಿಂತಿದ್ದವು. ಮರದ ಕೆಳಗೆ ಮೇಜು, ಕುರ್ಚಿ. ಇನ್‌ಸ್ಪೆಕ್ಟರು ಖಾಕಿ ಹಾಕಿಕೊಂಡಿದ್ದ ಸಣಕಲು ಮೈಯವರು, ನಾನು ಎಣಿಸಿಕೊಂಡಿದ್ದಷ್ಟು ಭಯಂಕರವಾಗಿ ಇರಲಿಲ್ಲ. ಕಾಗದಗಳನ್ನು ನಾನೇ ಮೇಜಿನ ಮೇಲೆ ಒಂದೊಂದಾಗಿ ಇಟ್ಟೆ. ಡಾಕ್ಟರ ಸರ್ಟಿಫಿಕೇಟ್, ಫೋಟೋ, ಹಳೇ ಲೈಸೆನ್ಸ್. ಒಬ್ಬ ಹೆಂಗಸು ಕಾಗದ ತಂದದ್ದನ್ನು ನೋಡಿ ಅವರು ಹುಬ್ಬೇರಿಸಿದರು, ಆದರೆ ಒಂದು ಕಾಗದವೂ ಕಡಿಮೆಯಿರಲಿಲ್ಲವಾದ್ದರಿಂದ ಏನೂ ಅನ್ನಲಿಲ್ಲ. ದೂರದ ಬಸ್ಸಿನ ನಂಬರ್ ಓದಿಸಿ ಕಣ್ಣು ಪರೀಕ್ಷೆ ಮಾಡಿದರು. ನಮ್ಮ ಮನೆಯವರು ತಡವರಿಸದೆ ಓದಿದರು.

"ಸರಿ, ಗಾಡಿ ತಗೊಂಬಾ. ಗೆರೆ ಹತ್ರ ನಿಲ್ಸು," ಎಂದು ಇನ್‌ಸ್ಪೆಕ್ಟರು ಎದ್ದರು.

ನಮ್ಮ ಮನೆಯವರು ಜಾಗ ಬಿಟ್ಟು ಕದಲಲಿಲ್ಲ. "ಆಗಲ್ರಿ ಸಾಹೇಬ್ರ. ಇವತ್ತು ಗಾಡಿಗೆ ಬ್ರೇಕ್ ಇಲ್ಲ."

"ಏನು? ಬ್ರೇಕ್ ಇಲ್ದೆ ದಾವಣಗೆರೆಯಿಂದ ಹೆಂಗೆ ಬಂದೆ?"

"ಸೆಕೆಂಡ್ ಗೇರ್‌ನ್ಯಾಗ ಬಂದೆ. ಹ್ಯಾಂಡ್ ಬ್ರೇಕ್ ಮ್ಯಾಲೆ."

ಇನ್‌ಸ್ಪೆಕ್ಟರ ಮುಖ ಕೆಂಪಾಯಿತು. "ಒಂಬತ್ತು ಮೈಲಿ! ದಾರಿಯಲ್ಲಿ ಯಾರಾದ್ರೂ ಅಡ್ಡ ಬಂದಿದ್ರೆ? ಇಷ್ಟು ವರ್ಷ ಓಡಿಸಿದವನಿಗೆ ಇದು ಗೊತ್ತಾಗಲ್ವಾ?" ಎನ್ನುತ್ತ ಮೇಜಿನ ಮೇಲಿದ್ದ ಲೈಸೆನ್ಸನ್ನು ಎತ್ತಿ ತಮ್ಮ ಅಂಗಿಯ ಜೇಬಿಗೆ ಹಾಕಿಕೊಂಡರು. "ಎಫ್.ಸಿ.ನೂ ಇಲ್ಲ, ಇದೂ ಇಲ್ಲ. ಯಾವ ಮೇಸ್ತ್ರಿ ಕೆಲಸ ಮಾಡಿದ್ದು?"

"ಮೇಸ್ತ್ರೀದು ತಪ್ಪಿಲ್ರಿ. ನಂದೇ ತಪ್ಪು."

ಆ ಜೇಬಿಗೆ ಹೋದದ್ದು ನಮ್ಮ ಅನ್ನ. ಎತ್ತು ಮಾರಿಯಾಗಿತ್ತು, ಚಕ್ಕಡಿ ಮಾರಿಯಾಗಿತ್ತು. ನಮ್ಮ ಮನೆಯವರಿಗೆ ಬೇರೆ ವಿದ್ಯೆ ಬರುತ್ತಿರಲಿಲ್ಲ. ಅಷ್ಟು ಹೊತ್ತಿಗೆ ಮಾವ ಲಾರಿಯಿಂದ ಇಳಿದು ನನ್ನ ಪಕ್ಕಕ್ಕೆ ಬಂದು, "ಏನಂತವ್ವಾ? ಯಾಕ ಸಿಟ್ಟಾಗ್ಯಾರೆ?" ಎಂದು ಕೇಳಿದರು. ಪಾಪ, ಏನೂ ಅರಿಯದ ಮುಖ. ನನಗೆ ತಡೆಯಲಾಗಲಿಲ್ಲ.

"ನೀವು ಬೆಳಿಗ್ಗೆ ಗಾಲಿಗೆ ಎಣ್ಣೆ ಬಿಟ್ರಲ್ಲ, ಅದಕ್ಕೇ! ಬ್ರೇಕ್ ಹಿಡೀತಿಲ್ಲ. ನಿಮ್ಮ ಮಗನ ಲೈಸೆನ್ಸ್ ಕಸ್ಕೊಂಡ್ರು!"

ಜೋರಾಗಿಯೇ ಅಂದೆ. ಮಾವನಿಗೆ ಎದುರಾಡಿ ಗೊತ್ತಿಲ್ಲದವಳು ಹತ್ತು ಜನರ ಮುಂದೆ ಅಂದೆ. ಅಂದ ಕ್ಷಣವೇ ನಾಲಿಗೆ ಕಚ್ಚಿಕೊಂಡೆ. ನಮ್ಮ ಮನೆಯವರು ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ.

ಮಾವ ಲಾರಿಯ ಹತ್ತಿರ ಹೋಗಿ, ಸೀಟಿನ ಕೆಳಗಿಟ್ಟಿದ್ದ ಗೊಟ್ಟ ತೆಗೆದುಕೊಂಡು, ನೆಟ್ಟಗೆ ಇನ್‌ಸ್ಪೆಕ್ಟರ ಮುಂದೆ ಹೋಗಿ ನಿಂತರು.

"ಸಾಹೇಬ್ರ, ತಪ್ಪು ಅವಂದಲ್ಲ, ನಂದು. ಗಾಲಿ ಕೂಗ್ತಿತ್ತು, ಕೀಲೆಣ್ಣೆ ಬಿಟ್ಟೆ. ನಾಕೂ ಗಾಲಿಗೆ ಬಿಟ್ಟೀನಿ."

ಇನ್‌ಸ್ಪೆಕ್ಟರು ಗೊಟ್ಟ ತೆಗೆದುಕೊಂಡು ಮೂಸಿ ನೋಡಿದರು. ಸುತ್ತ ನಿಂತಿದ್ದ ಡ್ರೈವರುಗಳಿಗೆ ವಿಷಯ ತಿಳಿದದ್ದೇ ತಡ, ಒಬ್ಬ ಕಿಸಕ್ಕೆಂದ, ಇನ್ನೊಬ್ಬ ಹೊಟ್ಟೆ ಹಿಡಿದುಕೊಂಡ, ಬಯಲಿಗೆ ಬಯಲೇ ನಕ್ಕಿತು. ಬ್ರೇಕಿಗೆ ಹರಳೆಣ್ಣೆ! ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಮಾವ ಮಾತ್ರ ತಲೆ ತಗ್ಗಿಸಲಿಲ್ಲ. ರುಮಾಲು ಸರಿಮಾಡಿಕೊಂಡು, ಅವರ ನಗೆ ಮುಗಿಯುವ ತನಕ ಕಾದರು.

"ನಗ್ರಪ್ಪಾ, ನಗೋವಂಥದ್ದೇ ಐತೆ. ನಕ್ಕು ಮುಗೀತು ಅಂದ್ರೆ ಯಾರಾದ್ರೂ ಒಬ್ರು ಬಂದು ನನಗೆ ತೋರಿಸ್ರಿ, ಈ ಗಾಲಿ ಹೆಂಗೆ ನಿಲ್ತೈತೆ ಅಂತ. ಉರುಳೋದು ಗೊತ್ತೈತೆ ನನಗೆ. ನಿಲ್ಲೋದು ಗೊತ್ತಿಲ್ಲ."

ಅರವತ್ತು ದಾಟಿದ ಮನುಷ್ಯ, ತನ್ನ ಮಗನ ವಯಸ್ಸಿನವರ ಎದುರು, ನನಗೆ ಗೊತ್ತಿಲ್ಲ ಕಲಿಸಿ ಎಂದು ಕೇಳುವುದು ಸಣ್ಣ ಮಾತಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ನಾಚಿಕೆಯಿಂದ ಬಂದ ನೀರಲ್ಲ ಅದು.

ಇನ್‌ಸ್ಪೆಕ್ಟರು ತಾವೇ ಮುಂದೆ ಬಂದರು. "ಕೈ ಕೊಡಿ ಯಜಮಾನ್ರೆ," ಎಂದು ಮಾವನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದರು. "ಬಿಡಿಸ್ಕೊಳ್ಳಿ ನೋಡೋಣ." ಮಾವ ಜಗ್ಗಿದರು, ಬಿಡಿಸಿಕೊಳ್ಳಲು ಆಗಲಿಲ್ಲ. ಆಮೇಲೆ ಗೊಟ್ಟದಿಂದ ನಾಲ್ಕು ಹನಿ ಎಣ್ಣೆಯನ್ನು ಅದೇ ಮಣಿಕಟ್ಟಿಗೆ ಸುರಿದು ಸವರಿ ಮತ್ತೆ ಹಿಡಿದರು. ಈ ಸಲ ಕೈ ಸುಳಕ್ಕನೆ ಜಾರಿಬಂತು. "ಒಳಗೆ ಲೈನಿಂಗ್ ಅಂತ ಇದೆ. ಅದು ಗಾಲೀನ ಹಿಂಗೆ ಹಿಡೀಬೇಕು. ಹಿಡಿಯುವಾಗ ಕೂಗಿದ್ರೆ ಕೂಗ್ಲಿ."

ಮಾವ ಎಣ್ಣೆಯಾದ ಮಣಿಕಟ್ಟನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. "ತಿಳೀತ್ರಿ," ಎಂದರು.

"ನಾಲ್ಕು ಗಂಟೆವರೆಗೆ ನಾನಿಲ್ಲೇ ಇರ್ತೀನಿ. ಅಷ್ಟರಲ್ಲಿ ಡ್ರಮ್ ಬಿಚ್ಚಿ, ಎಣ್ಣೆ ಸುಟ್ಟು, ತೊಳೆದು ತಂದ್ರೆ ನೋಡ್ತೀನಿ. ಲೈಸೆನ್ಸ್ ವಿಚಾರ ಆಮೇಲೆ," ಎಂದು ಇನ್‌ಸ್ಪೆಕ್ಟರು ಮುಂದಿನ ಗಾಡಿಯ ಕಡೆ ನಡೆದರು. ಲೈಸೆನ್ಸ್ ಜೇಬಿನಲ್ಲೇ ಇತ್ತು.

ಮೊದಲು ಜೋರಾಗಿ ನಕ್ಕ ಡ್ರೈವರನೇ ಮೊದಲು ಜಾಕ್ ಹಿಡಿದು ಬಂದ. ಇನ್ನೊಬ್ಬ ಬ್ಲೋಲ್ಯಾಂಪ್ ತಂದ. ಮತ್ತೊಬ್ಬ ಡಬ್ಬಿಯಲ್ಲಿ ಪೆಟ್ರೋಲ್ ಕೊಟ್ಟ. ಒಂದೊಂದೇ ಗಾಲಿ ಬಿಚ್ಚಿ, ಡ್ರಮ್ಮು ಇಳಿಸಿ, ಲೈನಿಂಗಿನ ಮೇಲೆ ಬ್ಲೋಲ್ಯಾಂಪಿನ ಉರಿ ಹಿಡಿದರೆ ಒಳಗೆ ಇಳಿದಿದ್ದ ಎಣ್ಣೆ ಚುರುಚುರು ಎಂದು ಹೊಗೆಯಾಗಿ ಏಳುತ್ತಿತ್ತು. ಮಾವ ಡ್ರಮ್ಮುಗಳನ್ನು ತಾವೇ ತಿಕ್ಕುತ್ತೇನೆಂದು ಹಟ ಹಿಡಿದರು. ಬಿಸಿಲಲ್ಲಿ ಕೂತು, ಪೆಟ್ರೋಲಿನ ಬಟ್ಟೆಯಿಂದ ಒರೆಸಿ, ಮರಳುಕಾಗದದಿಂದ ಉಜ್ಜಿ, ಬೆರಳಾಡಿಸಿ, ಆ ಬೆರಳನ್ನು ಮೂಸಿ, ಎಣ್ಣೆಯ ವಾಸನೆ ಇದ್ದರೆ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದರು. ಆ ಮೂಗಿಗೆ ಮೋಸ ಮಾಡುವುದು ಯಾರಿಂದಲೂ ಆಗುತ್ತಿರಲಿಲ್ಲ. ಒಮ್ಮೊಮ್ಮೆ ಡ್ರೈವರುಗಳನ್ನು ಹತ್ತಿರ ಕರೆದು, ಇದೇನು, ಅದೇನು, ಪೆಡಲ್ ಒತ್ತಿದ್ದು ಇಲ್ಲಿಗೆ ಹೆಂಗೆ ಬರ್ತೈತೆ ಎಂದು ಕೇಳುತ್ತಿದ್ದರು. ನಾನು ಕಟ್ಟಿಕೊಂಡು ಹೋಗಿದ್ದ ರೊಟ್ಟಿ, ಶೇಂಗಾ ಚಟ್ನಿ ಎಲ್ಲರಿಗೂ ಹಂಚಿದೆ. ಮಾವನಿಗೆ ಕೊಡುವಾಗ ಅವರ ಮುಖ ನೋಡುವ ಧೈರ್ಯ ನನಗೆ ಇರಲಿಲ್ಲ. ಕೈ ತೊಳೆದುಕೊಂಡು ಬಂದು, ಏನೂ ಆಗಿಲ್ಲವೆಂಬಂತೆ ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡರು.

ನಾಲ್ಕಕ್ಕೆ ಲಾರಿ ಸಿದ್ಧವಾಯಿತು. ಉಳಿದ ಗಾಡಿಗಳ ಕೆಲಸ ಮುಗಿದಿದ್ದರೂ ಡ್ರೈವರುಗಳು ಯಾರೂ ಹೋಗಿರಲಿಲ್ಲ. ನಮ್ಮ ಮನೆಯವರು ಲಾರಿಯನ್ನು ಬಯಲಿನ ಆ ತುದಿಗೆ ತೆಗೆದುಕೊಂಡು ಹೋಗಿ ತಿರುಗಿಸಿ ನಿಲ್ಲಿಸಿದರು. ಇನ್‌ಸ್ಪೆಕ್ಟರು ಗೆರೆಯಾಚೆ ತಮ್ಮ ಜಾಗಕ್ಕೆ ಹೋಗಿ ಕೈಕಟ್ಟಿ ನಿಂತರು. ಆಗ ಮಾವ ಅವರ ಹತ್ತಿರ ನಡೆದರು.

"ಸಾಹೇಬ್ರ, ನೀವು ಸರೀರಿ. ಇಲ್ಲಿ ನಾ ನಿಲ್ತೀನಿ."

"ಯಜಮಾನ್ರೆ, ಇದು ನನ್ನ ಡ್ಯೂಟಿ. ನೀವು ಪಕ್ಕಕ್ಕೆ ಹೋಗಿ."

"ಎಣ್ಣೆ ಬಿಟ್ಟೋನು ನಾನು, ತಿಕ್ಕಿದೋನೂ ನಾನು. ಹಿಡೀದೇ ಇದ್ರೆ ನನಗೇ ಹೊಡೀಲಿ. ನಿಮಗ್ಯಾಕೆ ಹೊಡೀಬೇಕು?"

ಇನ್‌ಸ್ಪೆಕ್ಟರು ಗದರಿದರು, ಸಮಾಧಾನ ಹೇಳಿದರು, ಮೇಜಿನ ಕಡೆ ಕೈ ತೋರಿಸಿದರು. ಮಾವ ಕದಲಲಿಲ್ಲ. ನಾನು ಓಡಿ ಹೋಗಿ "ಬರ್ರಿ ಮಾವಾ" ಎಂದು ಕೈಮುಗಿದೆ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಕೊನೆಗೆ ಇನ್‌ಸ್ಪೆಕ್ಟರು ಒಂದು ಹೆಜ್ಜೆ ಸರಿದು ಅವರಿಗೆ ಜಾಗ ಕೊಟ್ಟು, ತಾವೂ ಅವರ ಪಕ್ಕದಲ್ಲೇ ನಿಂತರು. ಇಬ್ಬರೂ ಹೋಗುವುದಾದರೆ ಒಟ್ಟಿಗೇ ಹೋಗೋಣ ಎಂಬಂತೆ. ಆ ಇನ್‌ಸ್ಪೆಕ್ಟರ ಬಗ್ಗೆ ನನಗೆ ಅಲ್ಲಿಯವರೆಗೆ ಇದ್ದ ಸಿಟ್ಟೆಲ್ಲ ಆ ಒಂದು ಹೆಜ್ಜೆಗೆ ಇಳಿದುಹೋಯಿತು.

ಆ ತುದಿಯಲ್ಲಿ ಲಾರಿ ಗುರುಗುಟ್ಟುತ್ತ ನಿಂತೇ ಇತ್ತು. ನಮ್ಮ ಮನೆಯವರಿಗೆ ಗೆರೆಯಾಚೆ ಯಾರು ನಿಂತಿದ್ದಾರೆ ಎಂಬುದು ಕಂಡಿತ್ತು. ಎಷ್ಟು ಹೊತ್ತಾದರೂ ಲಾರಿ ಹೊರಡಲಿಲ್ಲ. ಆಗ ಮಾವ ಹೆಗಲ ಮೇಲಿನ ಟವೆಲ್ ತೆಗೆದು ಎತ್ತಿ ಬೀಸಿ, ಎತ್ತು ಕರೆಯುವಾಗ ಮಾಡುತ್ತಿದ್ದಂತೆ ನಾಲಿಗೆಯಿಂದ ಲೊಚ್ ಲೊಚ್ ಎಂದು ಸದ್ದು ಮಾಡಿ ಕರೆದರು. ಅಷ್ಟು ದೂರಕ್ಕೆ ಅದು ಕೇಳುವಂತಿರಲಿಲ್ಲ. ಆದರೂ ಲಾರಿ ಹೊರಟಿತು.

ಬಂತು. ವೇಗವಾಗಿಯೇ ಬಂತು. ಕಡಿಮೆ ವೇಗದಲ್ಲಿ ತಂದು ಮೋಸ ಮಾಡುವವರಲ್ಲ ನಮ್ಮ ಮನೆಯವರು. ನಾನು ಕಣ್ಣು ಮುಚ್ಚಿಕೊಂಡೆ. ಆಮೇಲೆ ಕೇಳಿಸಿತು, ಕಿರ್ರ್ ಎಂದು ಬಯಲಿಗೆಲ್ಲ, ಹೊಳೆಯ ಆಚೆ ದಂಡೆಗೂ ಕೇಳುವಂಥ ಕೂಗು. ಕಣ್ಣು ಬಿಟ್ಟಾಗ ಮುಂದಿನ ಗಾಲಿ ಗೆರೆ ಮುಟ್ಟುವುದಕ್ಕೆ ಒಂದು ಮೊಳ ಇರುವಾಗಲೇ ನಿಂತಿತ್ತು. ಧೂಳು ಮಾವನ ಕಾಲ ಮೇಲೆ ಬಂದು ಕೂತಿತು. ಅವರು ಕಣ್ಣು ಮುಚ್ಚಿರಲಿಲ್ಲ. ಮುಖ ಹಿಂಡಿಕೊಂಡಿರಲೂ ಇಲ್ಲ. ಆ ಕೂಗನ್ನು ಕೇಳಿ ನಗುತ್ತಿದ್ದರು.

ಇನ್‌ಸ್ಪೆಕ್ಟರು ಮೇಜಿಗೆ ಬಂದು ಎಫ್.ಸಿ. ಬರೆದರು. ಜೇಬಿನಿಂದ ಲೈಸೆನ್ಸ್ ತೆಗೆದು ಒಂದು ಗಳಿಗೆ ಕೈಯಲ್ಲಿ ಹಿಡಿದುಕೊಂಡೇ ಇದ್ದರು. "ಬ್ರೇಕ್ ಇಲ್ಲದ ಗಾಡಿ ರಸ್ತೆ ಮೇಲೆ ತಂದಿದ್ದಕ್ಕೆ ಇದನ್ನ ಇಟ್ಕೋಬೇಕಿತ್ತು. ಆದ್ರೆ ಬ್ರೇಕ್ ಇಲ್ಲ ಅಂತ ಬಾಯಿಬಿಟ್ಟು ಹೇಳಿದವನ ಲೈಸೆನ್ಸ್ ಕಿತ್ಕೊಂಡ್ರೆ ನಾಳೆಯಿಂದ ಯಾವ ಡ್ರೈವರೂ ಹೇಳಲ್ಲ," ಎಂದು ಸಹಿ ಮಾಡಿ, ಮೊಹರು ಒತ್ತಿ, ನಮ್ಮ ಮನೆಯವರಿಗೆ ಕೊಡದೆ ನನ್ನ ಕೈಗೆ ಕೊಟ್ಟರು. "ಮುಂದಿನ ಸಲ ನೀವೇ ಬನ್ನಿ. ನಿಮ್ಮ ಕಾಗದ ಸರಿಯಾಗಿರುತ್ತೆ."

ವಾಪಸ್ಸು ಬರುವಾಗ ದೊಡ್ಡಬಾತಿ ಹತ್ತಿರ ಮಾವ ಮಗನಿಗೆ ಹೇಳಿದರು.

"ಬೆಳಿಗ್ಗೆ ಎಮ್ಮೆ ಅಡ್ಡ ಬಂದಾಗಲೇ ನಿನಗೆ ತಿಳಿದಿತ್ತು, ಹೌದಲ್ಲೋ?"

"ಹೂಂ."

"ನನ್ನ ಮಾನ ಉಳಿಸೋಕೆ ಹೋಗಿ ಯಾರದೋ ಕೂಸಿನ ಜೀವ ತೆಗೀತಿದ್ಯಲ್ಲೋ ಮಾರಾಯ. ಎಂಥ ಮಾನ ಅದು?"

ಮಾವ ಸೀಟಿನ ಕೆಳಗಿನಿಂದ ಗೊಟ್ಟ ತೆಗೆದು ನನ್ನ ತೊಡೆಯ ಮೇಲೆ, ಕಾಗದದ ಗಂಟಿನ ಪಕ್ಕ ಇಟ್ಟರು.

"ಇದು ನಿನ್ನ ಟ್ರಂಕಿನ್ಯಾಗ ಇರ್ಲಿ. ನಾ ಕೇಳಿದ್ರೂ ಕೊಡಬ್ಯಾಡ."

"ತಪ್ಪಾತ್ರಿ ಮಾವಾ. ಎಲ್ಲರ ಮುಂದೆ ಹಂಗೆ ಅನಬಾರ್ದಿತ್ತು," ಎಂದೆ.

"ಅಂದಿದ್ದು ಚಲೋ ಆತು ನನ್ನವ್ವಾ. ನೀ ಅನ್ನದೇ ಇದ್ರೆ ನಾಳೆ ಬೆಳಿಗ್ಗೆ ಮತ್ತೆ ಎಣ್ಣೆ ಬಿಡ್ತಿದ್ದೆ."

ಮಾರನೇ ದಿನದಿಂದ ನಮ್ಮ ಮನೆಯಲ್ಲಿ ಒಂದು ಹೊಸ ರೂಢಿ ಶುರುವಾಯಿತು. ಲಾರಿ ಹೊರಡುವ ಹೊತ್ತಿಗೆ ಮಾವ ಓಣಿಯ ಬಾಯಿಗೆ ಹೋಗಿ ರಸ್ತೆಯ ನಡುವೆ ನಿಲ್ಲುತ್ತಿದ್ದರು. ಮಗ ಲಾರಿ ತಂದು ಅವರ ಮುಂದೆ ಬ್ರೇಕ್ ಒತ್ತಿ ನಿಲ್ಲಿಸಬೇಕು. ಕೂಗು ಕೇಳಿಸಿಕೊಂಡು, ಮುಂದಿನ ಜಾಲರಿಯನ್ನು ಅಂಗೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡು, ಆಮೇಲೆ ಪಕ್ಕಕ್ಕೆ ಸರಿಯುತ್ತಿದ್ದರು. ಸರ್ಕಾರಕ್ಕೆ ವರ್ಷಕ್ಕೊಂದು ಎಫ್.ಸಿ. ಆದರೆ ನಮಗೆ ದಿನಕ್ಕೊಂದು. ಓಣಿಯವರು ಇದಕ್ಕೂ ನಕ್ಕರು. ಕೆಲವು ದಿನಗಳಲ್ಲಿ ಲೈನಿಂಗ್ ಕೂಗುವುದನ್ನು ನಿಲ್ಲಿಸಿತು, ಮೇಸ್ತ್ರಿ ಹೇಳಿದ ಹಾಗೆಯೇ. ಮಾವ ನಿಲ್ಲುವುದನ್ನು ನಿಲ್ಲಿಸಲಿಲ್ಲ. ಕಿವಿಗೆ ಕೇಳದಿದ್ದರೆ ಕಣ್ಣಿನಿಂದ ನೋಡುತ್ತೇನೆ ಎಂದರು. ಜ್ವರ ಬಂದರೂ ಕಂಬಳಿ ಹೊದ್ದುಕೊಂಡು ಹೋಗಿ ನಿಲ್ಲುತ್ತಿದ್ದರು. ಗೊಟ್ಟವನ್ನು ಮಾತ್ರ ಒಮ್ಮೆಯೂ ಕೇಳಲಿಲ್ಲ.

ಐದಾರು ವರ್ಷ ಹೀಗೇ ನಡೆಯಿತು. ಒಂದು ಮಧ್ಯಾಹ್ನ ಊಟ ಮಾಡಿ ಕಟ್ಟೆಯ ಮೇಲೆ ಮಲಗಿದವರು ಏಳಲಿಲ್ಲ. ಲೋಕಿಕೆರೆಗೆ ಒಯ್ದು ಮಣ್ಣು ಮಾಡಿದೆವು. ಲಾರಿಯಲ್ಲೇ ಒಯ್ದೆವು, ಎರಡನೇ ಗೇರಿನಲ್ಲಿ.

ಕಾರ್ಯಗಳೆಲ್ಲ ಮುಗಿದ ಮೇಲೆ ನಮ್ಮ ಮನೆಯವರು ಮೊದಲ ಬಾಡಿಗೆಗೆ ಹೊರಟ ಬೆಳಿಗ್ಗೆ ನಾನು ಅಂಗಳ ಗುಡಿಸುತ್ತಿದ್ದೆ. ಲಾರಿ ಓಣಿಯ ಬಾಯಿಗೆ ಹೋಗಿ ನಿಂತಿತು. ಯಾರೂ ಅಡ್ಡ ಇರಲಿಲ್ಲ. ಆದರೂ ಅದು ನಿಂತೇ ಇತ್ತು, ಎಂಜಿನ್ ಗುರುಗುಟ್ಟುತ್ತ, ಹರಿಹರದ ಬಯಲಿನಲ್ಲಿ ಆವತ್ತು ನಿಂತಿದ್ದ ಹಾಗೆಯೇ. ಅವರಿಗೆ ಮುಂದೆ ಹೋಗಲು ಆಗುತ್ತಿಲ್ಲವೆಂದು ನನಗೆ ತಿಳಿಯಿತು. ಕಸಬರಿಗೆ ಕೈಯಲ್ಲಿದ್ದ ಹಾಗೇ ಹೋಗಿ, ಮಾವ ನಿಲ್ಲುತ್ತಿದ್ದ ಜಾಗದಲ್ಲಿ ನಿಂತೆ. ಅವರು ಲಾರಿಯನ್ನು ಹಿಂದಕ್ಕೆ ತೆಗೆದುಕೊಂಡು ಹೋಗಿ, ಮತ್ತೆ ಮುಂದಕ್ಕೆ ತಂದು, ನನ್ನ ಮುಂದೆ ಬ್ರೇಕ್ ಒತ್ತಿ ನಿಲ್ಲಿಸಿದರು. ನಾನು ಜಾಲರಿ ಮುಟ್ಟಿ ಕಣ್ಣಿಗೊತ್ತಿಕೊಂಡು ಪಕ್ಕಕ್ಕೆ ಸರಿದೆ.